ಮೂರು ಸೀಟು, ಒಂದು ಕಡತ, ನಾಲ್ಕು ವರ್ಷ

ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಪೆಥಾಲಜಿ, ಅಂದರೆ ರೋಗಶಾಸ್ತ್ರದ ಸ್ನಾತಕೋತ್ತರ ಪದವಿ (ಪಿ.ಜಿ.), ಶುರುವಾಗುವ ಮೊದಲು ನಾನು ಹನ್ನೊಂದು ವರ್ಷ ಎಂ.ಬಿ.ಬಿ.ಎಸ್. ಮಕ್ಕಳಿಗಷ್ಟೇ ಪಾಠ ಹೇಳಿದ್ದೆ. ಎರಡನೆಯ ವರ್ಷಕ್ಕೆ ಬರುತ್ತಾರೆ, ಪರೀಕ್ಷೆ ಮುಗಿಸುತ್ತಾರೆ, ವಾರ್ಡುಗಳ ಕಡೆ ನಡೆದುಬಿಡುತ್ತಾರೆ. ಮೈಕ್ರೋಸ್ಕೋಪಿನ ಮುಂದೆ ನನ್ನ ಜೊತೆ ಮೂರು ವರ್ಷ ಕೂರುವವರು ಯಾರೂ ಇರಲಿಲ್ಲ. ನಮ್ಮದು ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆ. ಸುತ್ತಲಿನ ತಾಲ್ಲೂಕುಗಳ ಗಡ್ಡೆ, ಗರ್ಭಕೋಶ, ಅಪೆಂಡಿಕ್ಸ್, ತಂಬಾಕು ಅಗಿದು ಹುಣ್ಣಾದ ಬಾಯಿಯ ಚೂರು, ಎಲ್ಲವೂ ಫಾರ್ಮಲಿನ್ ಡಬ್ಬಿಯಲ್ಲಿ ನಮ್ಮ ಮೇಜಿಗೆ ಬರುತ್ತಿದ್ದವು. ಕಲಿಯಲು ಬೇಕಾದದ್ದೆಲ್ಲ ಅಲ್ಲಿತ್ತು, ಕಲಿಯುವವರು ಇರಲಿಲ್ಲ.

2018ರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಒಂದು ಖಾಲಿ ಕಡತವನ್ನು ಕೈಗಿಟ್ಟರು. "ನಾನು ನಿವೃತ್ತನಾಗುವ ಹೊತ್ತಿಗೆ ಇಲ್ಲಿ ಪಿ.ಜಿ. ಇರಬೇಕು. ಕಾಗದಪತ್ರವೆಲ್ಲ ನೀವೇ ನೋಡಿಕೊಳ್ಳಿ" ಎಂದರು. ನಾವು ಕೇಳಿದ್ದು ವರ್ಷಕ್ಕೆ ಮೂರು ಸೀಟು.

ಇಲ್ಲಿ ಎರಡು ಪದಗಳನ್ನು ಬಿಡಿಸಿ ಹೇಳಬೇಕು. ಅನುಮತಿ ಬೇರೆ, ಮಾನ್ಯತೆ ಬೇರೆ. ಅನುಮತಿ ಪತ್ರ ಬಂದರೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದು. ಅವರು ಮೂರು ವರ್ಷ ಓದಿ ಅಂತಿಮ ಪರೀಕ್ಷೆಗೆ ಕೂತಾಗ ಪರಿಶೀಲಕರು ಮತ್ತೆ ಬರುತ್ತಾರೆ. ವಿಭಾಗವನ್ನೂ ಪರೀಕ್ಷೆ ನಡೆಯುವ ರೀತಿಯನ್ನೂ ನೋಡುತ್ತಾರೆ. ಅವರಿಗೆ ಸರಿ ಕಂಡರೆ ಪದವಿಗೆ ಮಾನ್ಯತೆ. ಆಗ ಜಾರಿಯಲ್ಲಿದ್ದ 1956ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆಯಲ್ಲಿ ಮೊದಲನೆಯದು 10ಎ ಕಲಮು, ಎರಡನೆಯದು 11(2). ಅಂದರೆ ಮೊದಲ ತಂಡದ ಮಕ್ಕಳು ಇನ್ನೂ ಮಾನ್ಯತೆ ಸಿಗದ ಪದವಿಯನ್ನು ನಂಬಿ ನಮ್ಮಲ್ಲಿಗೆ ಬರುತ್ತಾರೆ. ಅವರು ಪರೀಕ್ಷೆ ಪಾಸಾದರಷ್ಟೇ ಸಾಲದು, ನಾವೂ ಪಾಸಾಗಬೇಕು. ಆಗಷ್ಟೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಅವರ ಹೆಸರಿನ ಎದುರು ಎಂ.ಡಿ. ಸೇರುತ್ತದೆ. ಈ ಹೊಣೆ ನನ್ನ ತಲೆಯ ಮೇಲಿದೆ ಎಂಬುದು ನನಗೆ ನಿದ್ದೆಗೆಡಿಸಿದ ಸಂಗತಿ.

ರಾಜ್ಯ ಸರ್ಕಾರದ ಒಪ್ಪಿಗೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ಅದಕ್ಕಾಗಿ ಬರುವ ಸ್ಥಳೀಯ ವಿಚಾರಣಾ ಸಮಿತಿ, ಆಮೇಲೆ ದೆಹಲಿಗೆ ಅರ್ಜಿ. ಪ್ರತಿ ಅಧ್ಯಾಪಕರ ಘೋಷಣಾ ಪತ್ರ, ಹಿಂದಿನ ಕಾಲೇಜಿನಿಂದ ಬಿಡುಗಡೆಯಾದ ಆದೇಶ, ಫಾರ್ಮ್ 16, ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿ. ಇದನ್ನೆಲ್ಲ ಜೋಡಿಸುವ ಕಷ್ಟ ಸರ್ಕಾರಿ ಕಚೇರಿ ಕಂಡ ಎಲ್ಲರಿಗೂ ಗೊತ್ತು, ಬರೆಯುವುದಿಲ್ಲ. ಬರೆಯಬೇಕಾದದ್ದು ಮ್ಯೂಸಿಯಂ ಬಗ್ಗೆ.

ಪೆಥಾಲಜಿ ವಿಭಾಗಕ್ಕೆ ಮ್ಯೂಸಿಯಂ ಇರಲೇಬೇಕು. ಎಷ್ಟು ಮಾದರಿಗಳಿವೆ, ಕ್ಯಾಟಲಾಗ್ ಇದೆಯೇ ಎಂದು ಇನ್‌ಸ್ಪೆಕ್ಷನ್ ನಮೂನೆಯಲ್ಲಿ ಕೇಳುತ್ತಾರೆ. ನಮ್ಮಲ್ಲಿದ್ದ ಜಾಡಿಗಳು ವರ್ಷಾನುಗಟ್ಟಲೆ ಯಾರೂ ಮುಟ್ಟದೆ ಕುಳಿತಿದ್ದವು. ದ್ರವ ಅರ್ಧಕ್ಕಿಳಿದು, ಉಳಿದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಚೀಟಿಗಳ ಮೇಲಿನ ಶಾಯಿ ಮಾಸಿತ್ತು. ಒಂದು ತಿಂಗಳು ಸಂಜೆ ನಾಲ್ಕರ ನಂತರ ನಾನು, ಒಬ್ಬ ಟೆಕ್ನೀಷಿಯನ್ ಮತ್ತು ನಮ್ಮ ಹಿರಿಯ ಅಟೆಂಡರ್ ಕೂತು ಒಂದೊಂದೇ ಜಾಡಿಯ ಮುಚ್ಚಳ ಬಿಚ್ಚಿದೆವು. ಕಿಟಕಿ ತೆರೆದಿಟ್ಟರೂ ಫಾರ್ಮಲಿನ್ ಕಣ್ಣಿಗೆ ಮೆಣಸಿನಕಾಯಿಯಂತೆ ಹತ್ತುತ್ತಿತ್ತು. ಮಾದರಿಗಳನ್ನು ತೊಳೆದು, ಕೈಸರ್ಲಿಂಗ್ ವಿಧಾನದ ಕೊನೆಯ ದ್ರವಕ್ಕೆ, ಅಂದರೆ ಗ್ಲಿಸರಿನ್ ಮತ್ತು ಪೊಟ್ಯಾಸಿಯಂ ಅಸಿಟೇಟ್ ಬೆರೆಸಿದ ನೀರಿಗೆ ಇಳಿಸಿ, ಹೊಸ ಮುಚ್ಚಳ ಅಂಟಿಸಿದೆವು.

ಆ ಕೆಲಸದಲ್ಲಿ ನನಗೆ ಜಿಲ್ಲೆಯ ಚರಿತ್ರೆಯೇ ಕಂಡಿತು. ಬರಿಗಾಲಿನಲ್ಲಿ ಹೊಲ ಗೇದವರ ಮದುರಾ ಪಾದ, ಊದಿಕೊಂಡು ತೂತು ತೂತಾದದ್ದು. ಕುರಿ, ನಾಯಿಗಳ ಜೊತೆ ಬದುಕಿದವರ ಯಕೃತ್ತಿನಲ್ಲಿ ಬೆಳೆದ ಲಾಡಿಹುಳುವಿನ ಹೈಡಾಟಿಡ್ ಚೀಲ. ಬಾಯಿಯ ಕ್ಯಾನ್ಸರಿಗೆ ತೆಗೆದ ಅರ್ಧ ದವಡೆ, ಹಲ್ಲಿನ ಮೇಲಿನ ಹೊಗೆಸೊಪ್ಪಿನ ಕಲೆ ಇನ್ನೂ ಹಾಗೇ. "ಮೇಡಂ, ಈ ಕಾಲು ನಾನು ಕೆಲಸಕ್ಕೆ ಸೇರಿದ ವರ್ಷ ಬಂದದ್ದು" ಎಂದು ಅಟೆಂಡರ್ ಹೇಳಿದರು. ಕ್ಯಾಟಲಾಗಿನಲ್ಲಿ ಇಲ್ಲದ ಹನ್ನೆರಡು ಜಾಡಿಗಳ ವಿವರ ಅವರ ನೆನಪಿನಲ್ಲಿತ್ತು. ಅದನ್ನು ಕೇಳಿ ಬರೆದುಕೊಂಡೆ. ಇನ್‌ಸ್ಪೆಕ್ಷನ್ ಎಂಬುದು ಇರದಿದ್ದರೆ ಆ ಜಾಡಿಗಳು ಒಣಗಿ ಹೋಗುತ್ತಿದ್ದವು. ಈ ಮಾತನ್ನು ನಾನು ಯಾರ ಎದುರೂ ಹೇಳುತ್ತೇನೆ.

ನಮ್ಮ ಅರ್ಜಿ ಹೋದಾಗ ದೆಹಲಿಯಲ್ಲಿದ್ದದ್ದು ಭಾರತೀಯ ವೈದ್ಯಕೀಯ ಮಂಡಳಿ. 2018ರ ಸೆಪ್ಟೆಂಬರ್ 26ರಂದು ಕೇಂದ್ರ ಸರ್ಕಾರ ಅದರ ಅಧಿಕಾರವನ್ನು ಗವರ್ನರುಗಳ ಮಂಡಳಿಗೆ (ಬೋರ್ಡ್ ಆಫ್ ಗವರ್ನರ್ಸ್) ಕೊಟ್ಟಿತು. ಅರ್ಜಿ ಏನಾಯಿತೋ ಎಂಬ ಕಳವಳದಲ್ಲಿ ಕೆಲವು ವಾರ ಕಳೆದೆವು. ಕಡೆಗೊಂದು ಬೆಳಿಗ್ಗೆ, ಮುಂಚಿತವಾಗಿ ಏನೂ ತಿಳಿಸದೆ, ಬೇರೆ ರಾಜ್ಯದ ಸರ್ಕಾರಿ ಕಾಲೇಜೊಂದರ ಪ್ರಾಧ್ಯಾಪಕರು ಪರಿಶೀಲಕರಾಗಿ ಬಂದರು.

ಮೊದಲು ತಲೆ ಎಣಿಕೆ. ಬೆಳಿಗ್ಗೆ ಹನ್ನೊಂದರೊಳಗೆ ಸಹಿ ಹಾಕಿದವರಷ್ಟೇ ಲೆಕ್ಕಕ್ಕೆ. ನಮ್ಮ ಸಹಾಯಕ ಪ್ರಾಧ್ಯಾಪಕಿಯೊಬ್ಬರು ಮಗುವಿಗೆ ಜ್ವರವೆಂದು ಅಂದು ರಜೆಯಲ್ಲಿದ್ದರು. ಹದಿನಾಲ್ಕು ವರ್ಷ ತಪ್ಪದೆ ಕೆಲಸ ಮಾಡಿದವರು ಆ ದಿನದ ಹಾಳೆಯಲ್ಲಿ ಇಲ್ಲದವರಾದರು. ಇದು ನನಗೆ ಈಗಲೂ ನೋವಿನ ವಿಷಯ. ಸುಳ್ಳು ಅಧ್ಯಾಪಕರನ್ನು ತೋರಿಸುವ ಕೆಟ್ಟ ಚಾಳಿ ದೇಶದಲ್ಲಿದೆ, ಅದನ್ನು ತಡೆಯಲು ಕಟ್ಟುನಿಟ್ಟು ಬೇಕು, ಒಪ್ಪುತ್ತೇನೆ. ಆದರೆ ಒಂದು ಬೆಳಗಿನ ಹಾಜರಾತಿ ಒಬ್ಬ ಗುರುವಿನ ಅಳತೆಯಾಗಬಾರದು.

ಪರಿಶೀಲಕರು ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ಸ್ವಭಾವದವರು. ಹಿಸ್ಟೋಪೆಥಾಲಜಿ, ಅಂದರೆ ಅಂಗಾಂಶ ಪರೀಕ್ಷೆಯ, ರಿಜಿಸ್ಟರಿನಲ್ಲಿ ಎಲ್ಲೋ ನಡುವಿನ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು, "ಇದರ ಬ್ಲಾಕ್, ಸ್ಲೈಡ್, ವರದಿ ಮೂರನ್ನೂ ತನ್ನಿ" ಎಂದರು. ಬ್ಲಾಕ್ ಅಂದರೆ ಅಂಗಾಂಶದ ಚೂರನ್ನು ಹುದುಗಿಸಿಟ್ಟ ಮೇಣದ ಗಟ್ಟಿ. ತಂದೆವು. ಇನ್ನೊಂದು ಸಂಖ್ಯೆ. ಅದನ್ನೂ ತಂದೆವು. ಮೂರನೆಯದರ ಬ್ಲಾಕ್ ಸಿಕ್ಕಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಅವರು ಶವಪರೀಕ್ಷೆಯ ರಿಜಿಸ್ಟರ್ ಕೇಳಿದರು. ಅದು ತೆಳ್ಳಗಿತ್ತು.

ನಮ್ಮಲ್ಲಿ ಮರಣೋತ್ತರ ಪರೀಕ್ಷೆಗಳು ಬಹುತೇಕ ಪೊಲೀಸ್ ಪ್ರಕರಣಗಳೇ. ಅವನ್ನು ಮಾಡುವವರು ನ್ಯಾಯವೈದ್ಯಶಾಸ್ತ್ರ ವಿಭಾಗದವರು. ಹೃದಯವೋ ಶ್ವಾಸಕೋಶವೋ ತುಂಡಾಗಿ ನಮ್ಮ ಬಳಿ ಬರುತ್ತದೆ. ವಾರ್ಡಿನಲ್ಲಿ ತೀರಿಕೊಂಡ ರೋಗಿಯ ಸಾವಿನ ಕಾರಣ ತಿಳಿಯಲು, ಮನೆಯವರ ಒಪ್ಪಿಗೆ ಪಡೆದು ಪೆಥಾಲಜಿಯವರೇ ಮಾಡುವ ಪರೀಕ್ಷೆ ಎಷ್ಟೋ ಊರುಗಳಲ್ಲಿ ನಿಂತೇ ಹೋಗಿದೆ. "ಇಡೀ ದೇಹವನ್ನು ಒಂದು ಸಲವೂ ತೆರೆದು ನೋಡದ ವಿದ್ಯಾರ್ಥಿಗೆ ಒಂದು ಅಂಗದ ಕಾಯಿಲೆಯನ್ನು ಇನ್ನೊಂದಕ್ಕೆ ಹೇಗೆ ಜೋಡಿಸಲು ಕಲಿಸುತ್ತೀರಿ?" ಎಂದು ಅವರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕೊರತೆಗಳ ಪಟ್ಟಿ ಬಂತು: ಒಬ್ಬ ಅಧ್ಯಾಪಕರು ಕಡಿಮೆ, ಕ್ರಯೋಸ್ಟ್ಯಾಟ್ ಇಲ್ಲ, ಶವಪರೀಕ್ಷೆಗಳು ಅತ್ಯಲ್ಪ. ಅಧ್ಯಾಪಕರ ಕೊರತೆಗೆ ರಜೆಯ ದಾಖಲೆ ಕಳುಹಿಸಿದೆವು. ಕ್ರಯೋಸ್ಟ್ಯಾಟ್ ಅಂದರೆ ಹಸಿ ಅಂಗಾಂಶವನ್ನು ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಮಾಡಿ ತೆಳುವಾಗಿ ಕತ್ತರಿಸುವ ಯಂತ್ರ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಇಪ್ಪತ್ತು ನಿಮಿಷದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲು ಅದು ಬೇಕು. ಸರ್ಕಾರಿ ಕೊಳ್ಳುವಿಕೆಯೆಂದರೆ ಟೆಂಡರ್, ತಾಂತ್ರಿಕ ಬಿಡ್, ಹಣಕಾಸು ಬಿಡ್. ನಿರ್ದೇಶಕರು ತಾವೇ ನಿಂತು ಆದೇಶ ಹೊರಡಿಸಿದ್ದರಿಂದ ಖರೀದಿ ಆದೇಶದ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಲು ಆಯಿತು. ಶವಪರೀಕ್ಷೆಗೆ ಮಾತ್ರ ಲಗತ್ತಿಸಲು ಯಾವ ಕಾಗದವೂ ಇರಲಿಲ್ಲ. "ಪ್ರಸೂತಿ ವಿಭಾಗದ ಜೊತೆ ಸೇರಿ ಭ್ರೂಣ ಶವಪರೀಕ್ಷೆ ಆರಂಭಿಸುತ್ತೇವೆ" ಎಂದು ಬರೆದೆ. ಬರೆಯುವಾಗ ಅದು ಎಂಥ ಕೆಲಸ ಎಂದು ನನಗೆ ಪೂರ್ತಿ ತಿಳಿದಿರಲಿಲ್ಲ.

2019ರ ಆರಂಭದಲ್ಲಿ ಅನುಮತಿ ಬಂತು. ಮುಖ್ಯಸ್ಥರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

ಮೊದಲ ತಂಡದಲ್ಲಿ ರಾಯಚೂರು ಕಡೆಯ ಒಬ್ಬಳು, ಕರಾವಳಿಯ ಒಬ್ಬ, ಅಖಿಲ ಭಾರತ ಕೋಟಾದಲ್ಲಿ ಕೇರಳದಿಂದ ಬಂದ ಒಬ್ಬಳು. ಪ್ರತಿ ಪಿ.ಜಿ. ವಿದ್ಯಾರ್ಥಿಗೂ ಲಾಗ್ ಪುಸ್ತಕ ಕಡ್ಡಾಯ: ದಿನಾಂಕ, ಮಾದರಿಯ ಸಂಖ್ಯೆ, ಏನು ಮಾಡಿದೆ, ಗುರುಗಳ ಸಹಿ. ನಾನು ಅದಕ್ಕೆ ಇನ್ನೊಂದು ಕಾಲಂ ಗೆರೆ ಎಳೆಸಿದೆ: "ಯಾರ ಪಕ್ಕದಲ್ಲಿ ಕೂತು ನೋಡಿದೆ". ಸಹಿ ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸಿಕೊಳ್ಳಬಹುದು. ಪಕ್ಕದಲ್ಲಿ ಕೂತದ್ದನ್ನು ಹಾಗೆ ಮಾಡಲಾಗದು. ಪೆಥಾಲಜಿಯನ್ನು ನಾನು ಕಲಿತದ್ದು ಹಾಗೆಯೇ. ಐದು ಜನ ಒಟ್ಟಿಗೆ ನೋಡುವ ಪೆಂಟಾಹೆಡ್ ಮೈಕ್ರೋಸ್ಕೋಪಿನಲ್ಲಿ ನನ್ನ ಗುರುಗಳು ಬಾಣದ ಗುರುತನ್ನು ಒಂದು ಜೀವಕೋಶದ ಮೇಲೆ ತಂದು ನಿಲ್ಲಿಸಿ, ಏನೂ ಹೇಳದೆ ನಾನು ಮಾತಾಡುವವರೆಗೆ ಕಾಯುತ್ತಿದ್ದರು. ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಮೊದಲ ವರ್ಷದ ಒಂದು ಮಧ್ಯಾಹ್ನ ಕರಾವಳಿಯ ಹುಡುಗ ದೊಡ್ಡ ಕರುಳಿನ ಕ್ಯಾನ್ಸರ್ ಮಾದರಿಯನ್ನು ಗ್ರಾಸಿಂಗ್ ಮಾಡುತ್ತಿದ್ದ. ಗ್ರಾಸಿಂಗ್ ಎಂದರೆ ಬರಿಗಣ್ಣಿನಲ್ಲಿ ನೋಡಿ, ಅಳೆದು, ಅಂಚುಗಳಿಗೆ ಶಾಯಿ ಹಚ್ಚಿ, ಯಾವ ಜಾಗದಿಂದ ಎಷ್ಟು ಚೂರು ತೆಗೆಯಬೇಕೆಂದು ತೀರ್ಮಾನಿಸುವುದು. ಇಲ್ಲಿ ತಪ್ಪಿದರೆ ಮುಂದೆ ಯಾವ ಮೈಕ್ರೋಸ್ಕೋಪೂ ಅದನ್ನು ಸರಿಪಡಿಸಲಾರದು. ಕರುಳಿಗೆ ಅಂಟಿದ ಕೊಬ್ಬಿನಲ್ಲಿ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಅಡಗಿರುತ್ತವೆ. ಕಾಯಿಲೆ ಯಾವ ಹಂತದಲ್ಲಿದೆ ಎಂದು ನಂಬಿಕೆಯಿಂದ ಹೇಳಬೇಕಾದರೆ ಕನಿಷ್ಠ 12 ಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಬೇಕು ಎಂಬುದು ನಿಯಮ. "ಏಳು ಸಿಕ್ಕಿತು ಮೇಡಂ, ಇನ್ನಿಲ್ಲ" ಎಂದ.

ಕೈಗವಸು ಹಾಕಿಕೊಂಡು ಅವನ ಪಕ್ಕ ನಿಂತೆ. ಚಾಕುವನ್ನು ಬದಿಗಿಡಲು ಹೇಳಿದೆ. ಕೊಬ್ಬನ್ನು ಬೆರಳುಗಳ ನಡುವೆ ಇಟ್ಟು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಮೆಲ್ಲಗೆ ಹಿಸುಕುತ್ತಾ ಹೋಗಬೇಕು. ಕೊಬ್ಬು ಜಾರುತ್ತದೆ, ಗ್ರಂಥಿ ಜಾರುವುದಿಲ್ಲ. ಕೆಲವು ತೊಗರಿಬೇಳೆಯಷ್ಟು, ಕೆಲವು ಸಾಸಿವೆಗಿಂತ ಸ್ವಲ್ಪ ದೊಡ್ಡವು. ಎಂಟನೆಯದು ನನ್ನ ಬೆರಳಿಗೆ ಸಿಕ್ಕಿತು, ಒಂಬತ್ತನೆಯದು ಅವನದಕ್ಕೆ. ಆಮೇಲೆ ನಾನು ಕೈ ತೆಗೆದೆ. ಮುಕ್ಕಾಲು ಗಂಟೆಯ ನಂತರ ಅವನ ಎಣಿಕೆ ಹದಿನಾಲ್ಕಾಗಿತ್ತು. ಎರಡು ದಿನದ ಮೇಲೆ ಸ್ಲೈಡ್ ನೋಡಿದಾಗ, ಆಮೇಲೆ ಸಿಕ್ಕ ಏಳರಲ್ಲಿ ಒಂದಕ್ಕೆ ಕ್ಯಾನ್ಸರ್ ಹರಡಿತ್ತು. ಮೊದಲ ಏಳರಲ್ಲಿ ಒಂದರಲ್ಲೂ ಇರಲಿಲ್ಲ. ಆ ರೋಗಿಗೆ ಕೀಮೋಥೆರಪಿ ಬೇಕೆಂದು ತೀರ್ಮಾನವಾದದ್ದು ಆ ಒಂದು ಗ್ರಂಥಿಯಿಂದ. ಹುಡುಗ ಸ್ಲೈಡ್ ನೋಡಿದ ಮೇಲೆ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

ಇನ್ನು ಭ್ರೂಣ ಶವಪರೀಕ್ಷೆ. ಪ್ರಸೂತಿ ವಿಭಾಗದವರು ಒಪ್ಪಿದರು. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವುದು ನಮ್ಮ ಕೆಲಸವೆಂದು ನಾನೇ ಹಟ ಹಿಡಿದೆ. ಪರೀಕ್ಷೆ ಮಾಡುವವರೇ ಮನೆಯವರ ಮುಖ ನೋಡಿ ಮಾತಾಡಬೇಕು. ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡ ಮಗುವಿನ ತಂದೆ ಹೆರಿಗೆ ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ಜೊತೆಗೆ ಅವನ ತಾಯಿ. ನಾನೂ ರಾಯಚೂರಿನ ವಿದ್ಯಾರ್ಥಿನಿಯೂ ಹೋಗಿ ಪಕ್ಕದಲ್ಲಿ ಕೂತೆವು. ಇದು ಅವರಿಗೆ ಎರಡನೆಯ ಸಲ. ಅವನು ಅಕ್ಕನ ಮಗಳನ್ನೇ ಮದುವೆಯಾಗಿದ್ದ.

"ಮಗುವನ್ನು ಕೊಯ್ಯುತ್ತೀರೇನವ್ವ?" ಎಂದು ಅಜ್ಜಿ ಕೇಳಿದರು. ನನಗೆ ಬಾಯಿ ಕಟ್ಟಿತು. ವಿದ್ಯಾರ್ಥಿನಿ ಅವರ ಕೈ ಹಿಡಿದುಕೊಂಡು, "ಹೌದು ಅಜ್ಜಿ. ಆಮೇಲೆ ಹೊಲಿದು, ಬಟ್ಟೆ ಸುತ್ತಿ ನಿಮ್ಮ ಕೈಗೇ ಕೊಡುತ್ತೇನೆ. ಎರಡು ಸಲ ಯಾಕೆ ಹೀಗಾಯಿತು ಎಂದು ಗೊತ್ತಾದರೆ ಮುಂದಿನ ಸಲ ಎಚ್ಚರ ವಹಿಸಬಹುದು" ಎಂದಳು. ಅಜ್ಜಿ ಮಗನ ಕಡೆ ನೋಡಿದರು. "ಹೊತ್ತು ಮುಳುಗುವುದರೊಳಗೆ ಕೊಡಬೇಕು" ಎಂದರು. ಅವನು ಸಹಿ ಹಾಕಿದ.

ಮಗುವಿನ ಹೊಟ್ಟೆ ಉಬ್ಬಿತ್ತು. ತೆರೆದಾಗ ಎರಡೂ ಕಡೆ ಮೂತ್ರಪಿಂಡಗಳೇ ತುಂಬಿಕೊಂಡಿದ್ದವು. ಕೊಯ್ದು ನೋಡಿದರೆ ಸ್ಪಂಜಿನಂತೆ, ನಡುವಿನಿಂದ ಅಂಚಿನವರೆಗೆ ಕಿರಣಗಳಂತೆ ಹರಡಿದ ಉದ್ದನೆಯ ಸಣ್ಣ ನೀರಿನ ಚೀಲಗಳು. ಶ್ವಾಸಕೋಶಗಳು ತೀರಾ ಚಿಕ್ಕವು. ಮೂತ್ರವಾಗದೆ ಗರ್ಭದ ನೀರು ಕಡಿಮೆಯಾಗಿ ಅವು ಬೆಳೆದಿರಲಿಲ್ಲ. ಒಂದು ಅಂಗದ ಕಾಯಿಲೆ ಇನ್ನೊಂದನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ಆ ಪರಿಶೀಲಕರು ಕೇಳಿದ್ದು ಇದನ್ನೇ. ಯಕೃತ್ತಿನ ಸ್ಲೈಡಿನಲ್ಲಿ ಪಿತ್ತನಾಳಗಳು ಭ್ರೂಣದಲ್ಲಿ ಮೊದಲು ರೂಪುಗೊಂಡಾಗಿನ ಆಕಾರದಲ್ಲೇ ಉಳಿದುಕೊಂಡದ್ದನ್ನು ಕಂಡ ಮೇಲೆ ಸಂಶಯ ಉಳಿಯಲಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬರುವ ದೋಷ ಅದು, ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮುಂದಿನ ಸಲ ಬೇಗ ಸ್ಕ್ಯಾನ್ ಮಾಡಿಸಬೇಕು, ತಳಿ ಸಲಹೆ ಪಡೆಯಬೇಕು ಎಂದು ಬರೆದು ಕೊಟ್ಟೆವು. ಅದಕ್ಕೆ ಮುಂಚೆ, ಹೊತ್ತು ಮುಳುಗುವ ಮೊದಲು, ವಿದ್ಯಾರ್ಥಿನಿ ತಾನೇ ಹೊಲಿಗೆ ಹಾಕಿ, ಆಸ್ಪತ್ರೆಯ ಬಿಳಿ ಬಟ್ಟೆಯ ಮೇಲೆ ತನ್ನದೊಂದು ಹತ್ತಿಯ ದುಪಟ್ಟಾ ಸುತ್ತಿ ಅಜ್ಜಿಯ ಮಡಿಲಿಗೆ ಕೊಟ್ಟಳು. ಕೊರತೆಗಳ ಪಟ್ಟಿಯಲ್ಲಿ "ಶವಪರೀಕ್ಷೆಗಳು ಅತ್ಯಲ್ಪ" ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಇತ್ತು.

2020ರ ಮಾರ್ಚ್ ಬಂತು. ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು, ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ನಿಂತವು. ಗ್ರಾಸಿಂಗ್ ಮೇಜಿನ ಮೇಲೆ ದಿನಕ್ಕೆ ಒಂದೆರಡು ಡಬ್ಬಿ, ಕೆಲವು ದಿನ ಅದೂ ಇಲ್ಲ. ವಿದ್ಯಾರ್ಥಿಗಳು ಪಿಪಿಇ ತೊಟ್ಟು ವಾರ್ಡಿಗೆ ಹೋದರು. ಹೋಗಲೇಬೇಕಿತ್ತು, ಅದರ ಬಗ್ಗೆ ದೂರಿಲ್ಲ. ಆದರೆ ಮೂರು ವರ್ಷದ ತರಬೇತಿಯಲ್ಲಿ ಒಂದು ವರ್ಷ ಹೀಗೆ ಬರಿದಾದರೆ ಅವರು ಯಾವ ಪೆಥಾಲಜಿಸ್ಟ್ ಆಗುತ್ತಾರೆ? ಇನ್‌ಸ್ಪೆಕ್ಷನ್ನಿನ ಅಂಕಿಗಳಿಗಿಂತ ಹೆಚ್ಚಾಗಿ ಆ ಭಯ ನನ್ನನ್ನು ಕಾಡಿತು.

ಆಗ ಹಳೆಯ ಬ್ಲಾಕುಗಳ ಕಪಾಟು ತೆರೆದೆವು. ಹತ್ತು ವರ್ಷದ ಮೇಣದ ಬ್ಲಾಕುಗಳು, ಇಲಿ ಕಡಿಯದ ಹಾಗೆ ಟೆಕ್ನೀಷಿಯನ್ ಕಾಪಾಡಿದ್ದವು. ಪ್ರತಿ ಶನಿವಾರ ಹತ್ತು ಹಳೆಯ ಪ್ರಕರಣ, ವರದಿಯನ್ನು ಮುಚ್ಚಿಟ್ಟು, ಸ್ಲೈಡ್ ಮಾತ್ರ ಕೊಟ್ಟು, ಬರೆಯಿರಿ ಎನ್ನುತ್ತಿದ್ದೆ. ಎರಡು ಕಡೆ ನಮ್ಮದೇ ಹಳೆಯ ವರದಿ ತಪ್ಪೆಂದು ವಿದ್ಯಾರ್ಥಿಗಳು ತೋರಿಸಿದರು. ಒಂದು ನಾನೇ ಬರೆದದ್ದು. ಅದನ್ನು ತಿದ್ದಿ, ಸಂಬಂಧಪಟ್ಟ ಘಟಕಕ್ಕೆ ತಿಳಿಸಿ, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಸೇರಿಸಿದೆವು.

2021ರ ಬೇಸಿಗೆಯಲ್ಲಿ ಎರಡನೆಯ ಅಲೆಯ ಹಿಂದೆಯೇ ಮ್ಯೂಕರ್, ಅಂದರೆ ಕಪ್ಪು ಶಿಲೀಂಧ್ರದ ಸೋಂಕು, ಬಂತು. ಕಣ್ಣು ಊದಿದ, ಮುಖ ಮರಗಟ್ಟಿದ ರೋಗಿಗಳ ಸೈನಸ್ ಚೂರುಗಳು ಹಗಲೂ ರಾತ್ರಿ. ಮಾದರಿ ಬಂದ ಕೂಡಲೇ ವರದಿ ಬೇಕು, ಏಕೆಂದರೆ ಆ್ಯಂಫೊಟೆರಿಸಿನ್ ಔಷಧಿ ಅಭಾವದಲ್ಲಿತ್ತು, ಕಣ್ಣು ಉಳಿಸುವುದೋ ತೆಗೆಯುವುದೋ ಎಂದು ಶಸ್ತ್ರವೈದ್ಯರು ಕಾಯುತ್ತಿದ್ದರು. ಕ್ರಯೋಸ್ಟ್ಯಾಟ್ ಅಷ್ಟರಲ್ಲಿ ಕೆಲಸಕ್ಕೆ ಬಂದಿತ್ತು. ಕೇರಳದ ಹುಡುಗಿ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಗಲವಾದ ಎಳೆಗಳು ಮೇಡಂ, ಅಡ್ಡಗೋಡೆ ಇಲ್ಲ, ಲಂಬಕೋನದಲ್ಲಿ ಕವಲೊಡೆದಿವೆ, ರಕ್ತನಾಳದ ಒಳಗೂ ಇವೆ" ಎಂದಳು. ಅಷ್ಟೂ ಮಾತನ್ನು ಕನ್ನಡದಲ್ಲೇ ಹೇಳಿದಳು. ಸ್ಕೂಟರ್ ಹತ್ತಿ ಹೋದೆ. ಇಬ್ಬರೂ ಕೂತು ನೋಡಿದೆವು, ಅವಳು ಹೇಳಿದ್ದು ಸರಿಯಿತ್ತು. ಅವಳ ಲಾಗ್ ಪುಸ್ತಕದ ಆ ತಿಂಗಳ ಪುಟಗಳು ಅಂಚಿನವರೆಗೆ ತುಂಬಿವೆ.

ಮೂರನೆಯ ವರ್ಷ ಮೂವರನ್ನೂ ಸರದಿಯಂತೆ ಬೆಂಗಳೂರಿನ ಕಿದ್ವಾಯಿಗೂ ನಿಮ್ಹಾನ್ಸ್‌ಗೂ ಕಳುಹಿಸಿದೆವು. ನಮ್ಮಲ್ಲಿ ವರ್ಷಕ್ಕೊಂದು ಬರುವ ಮೆದುಳಿನ ಗಡ್ಡೆಯನ್ನು ಅಲ್ಲಿ ದಿನಾ ನೋಡಬಹುದು. ತನ್ನಲ್ಲಿ ಏನಿಲ್ಲವೆಂದು ಒಪ್ಪಿಕೊಂಡು ಇರುವಲ್ಲಿಗೆ ಮಕ್ಕಳನ್ನು ಕಳುಹಿಸುವ ವಿಭಾಗವನ್ನು ನಾನು ಒಳ್ಳೆಯ ವಿಭಾಗ ಎನ್ನುತ್ತೇನೆ.

ಈ ನಡುವೆ 2020ರ ಸೆಪ್ಟೆಂಬರ್ 25ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬಂದಿತ್ತು. ನಮ್ಮ ಒಂದೇ ಕಡತ ಮೂರು ಸಂಸ್ಥೆಗಳ ಕೈ ಕಂಡಂತಾಯಿತು: ಅರ್ಜಿ ಮಂಡಳಿಗೆ, ಅನುಮತಿ ಗವರ್ನರುಗಳಿಂದ, ಮಾನ್ಯತೆಗೆ ಕಾಯುವುದು ಆಯೋಗದ ಬಾಗಿಲಲ್ಲಿ. ನಮೂನೆಗಳು ಬದಲಾದವು, ಪ್ರತಿ ಬಾರಿಯೂ ಹೊಸದಾಗಿ ತುಂಬಿದೆವು.

2022ರಲ್ಲಿ ಅಂತಿಮ ಪರೀಕ್ಷೆ. ನಾಲ್ಕು ಥಿಯರಿ ಪತ್ರಿಕೆ ಮುಗಿದು, ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದ ದಿನವೇ ಆಯೋಗದ ಪರಿಶೀಲಕರೂ ಬಂದರು. ಒಂದು ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳು ಸ್ಲೈಡುಗಳ ಮುಂದೆ, ಪಕ್ಕದ ಕೋಣೆಯಲ್ಲಿ ನಾವು ರಿಜಿಸ್ಟರುಗಳ ಮುಂದೆ. ಮುಖ್ಯಸ್ಥರು ಹಿಂದಿನ ವರ್ಷ ನಿವೃತ್ತರಾಗಿದ್ದರು. ಆ ದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಬಳಿಯ ಹೋಟೆಲಿನಲ್ಲಿ ಬಂದು ಕೂತಿದ್ದರಂತೆ. ಒಳಗೆ ಬರಲಿಲ್ಲ, ನಮಗೆ ತೊಂದರೆಯಾಗಬಾರದೆಂದು.

ಈ ಸಲ ಬ್ಲಾಕ್ ಹುಡುಕಲು ಎರಡು ನಿಮಿಷ ಸಾಕಾಯಿತು. ಕೋವಿಡ್ ವರ್ಷದ ಅಂಕಿ ಯಾಕೆ ಬಿದ್ದಿದೆ ಎಂದು ಅವರು ಕೇಳಲಿಲ್ಲ, ಎಲ್ಲ ಕಡೆಯೂ ಹಾಗೇ ಇತ್ತು. ಭ್ರೂಣ ಶವಪರೀಕ್ಷೆಯ ರಿಜಿಸ್ಟರನ್ನು ಪುಟ ಪುಟವಾಗಿ ನೋಡಿದರು. ಲಾಗ್ ಪುಸ್ತಕ ತೆರೆದು ಕೊನೆಯ ಕಾಲಂ ಮೇಲೆ ಬೆರಳಿಟ್ಟು, "ಇದೇನು?" ಎಂದರು. ಹೇಳಿದೆ. ತಲೆಯಾಡಿಸಿದರು. ಅವರ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಎಷ್ಟು ಮೈಕ್ರೋಸ್ಕೋಪ್ ಎಂಬುದಕ್ಕೆ ಇತ್ತು, ಎಷ್ಟು ಪುಸ್ತಕ ಎಂಬುದಕ್ಕೆ ಇತ್ತು. ಅವೂ ಬೇಕು. ಆದರೆ ಮೈಕ್ರೋಸ್ಕೋಪಿನ ಎದುರು ಗುರು ಎಷ್ಟು ಹೊತ್ತು ಕೂತರು ಎಂದು ಕೇಳದೆ ತರಬೇತಿಯನ್ನು ಅಳೆಯಲಾಗದು ಎಂದು ನಾನು ಬಲವಾಗಿ ನಂಬಿದ್ದೇನೆ. ಇದನ್ನು ಆ ದಿನ ಅವರಿಗೂ ಹೇಳಿದೆ, ಆಮೇಲೆ ಎರಡು ಸಭೆಗಳಲ್ಲೂ ಹೇಳಿದ್ದೇನೆ.

ಪರೀಕ್ಷಾ ಕೋಣೆಯ ಬಾಗಿಲು ಅರೆ ತೆರೆದಿತ್ತು. ಹೊರಗಿನ ಪರೀಕ್ಷಕರು ಕರಾವಳಿಯ ಹುಡುಗನ ಮುಂದೆ ಕರುಳಿನ ಮಾದರಿಯೊಂದನ್ನಿಟ್ಟು ಗ್ರಾಸಿಂಗ್ ಹೇಗೆ ಮಾಡುತ್ತೀಯೆಂದು ಕೇಳುತ್ತಿದ್ದರು. ಅವನು ಚಾಕು ಎತ್ತುವ ಮೊದಲು ಕೊಬ್ಬಿನ ಮೇಲೆ ಬೆರಳು ಆಡಿಸಿದ್ದು ನನಗೆ ಕಂಡಿತು.

ಮೂವರೂ ಪಾಸಾದರು. ಮಾನ್ಯತೆಯ ಪತ್ರ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಮೂವರಲ್ಲಿ ಒಬ್ಬರು ಫೋನ್ ಮಾಡಿ, "ಮೇಡಂ, ವೆಬ್‌ಸೈಟ್ ನೋಡಿದಿರಾ?" ಎನ್ನುತ್ತಿದ್ದರು. ಪತ್ರ ಬಂದ ದಿನ ಮೊದಲ ಫೋನ್ ಮಾಡಿದ್ದು ನಿವೃತ್ತ ಮುಖ್ಯಸ್ಥರಿಗೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಈಗ ನಿಯಮಗಳು ಇನ್ನಷ್ಟು ಬದಲಾಗಿವೆ. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕು. ಇದು ನನಗೆ ಬಹಳ ಮೆಚ್ಚುಗೆಯಾದ ಬದಲಾವಣೆ, ರಕ್ತದ ಸ್ಮಿಯರ್ ಒಂದರಿಂದಲೇ ಮಲೇರಿಯಾ, ಲ್ಯುಕೀಮಿಯಾ ಗುರುತಿಸಬೇಕಾದ ಜಾಗ ಅದು. ಕಾಲೇಜುಗಳು ಪ್ರತಿ ವರ್ಷ ಘೋಷಣೆ ಸಲ್ಲಿಸಬೇಕು. ನಮ್ಮ ಹಾಜರಾತಿಯನ್ನು ಮುಖ ನೋಡಿ ದಾಖಲಿಸಲಾಗುತ್ತದೆ. ಒಂದು ಬೆಳಗಿನ ತಲೆ ಎಣಿಕೆಗಿಂತ ಇದು ನ್ಯಾಯವಾದದ್ದು, ಮಗುವಿಗೆ ಜ್ವರ ಬಂದ ತಾಯಿ ಒಂದು ದಿನದ ರಜೆಯಿಂದ ಇಡೀ ವಿಭಾಗಕ್ಕೆ ಕೊರತೆಯಾಗುವುದಿಲ್ಲ.

ರಾಯಚೂರಿನ ಹುಡುಗಿ ಕಡ್ಡಾಯ ಸೇವೆಯ ಒಂದು ವರ್ಷಕ್ಕೆ ನಮ್ಮ ವಿಭಾಗಕ್ಕೇ ಸೀನಿಯರ್ ರೆಸಿಡೆಂಟ್ ಆಗಿ ಬಂದಳು. ಆ ವರ್ಷದ ಘೋಷಣೆಗೆ ಅಂಕಿ ಕೂಡಿಸಲು ಮೊದಲ ವರ್ಷದ ವಿದ್ಯಾರ್ಥಿಯೊಬ್ಬನ ಲಾಗ್ ಪುಸ್ತಕ ತೆರೆದಿದ್ದೆ. ಭ್ರೂಣ ಶವಪರೀಕ್ಷೆ, ಇಪ್ಪತ್ತೆಂಟು ವಾರ, ಒಪ್ಪಿಗೆ ಪಡೆದದ್ದು ಅಜ್ಜ ಅಜ್ಜಿಯಿಂದ, ದೇಹ ಹಿಂದಿರುಗಿಸಿದ್ದು ಸಂಜೆ ಐದೂವರೆಗೆ. ಕೊನೆಯ ಕಾಲಂನಲ್ಲಿ ಅವಳ ಹೆಸರಿತ್ತು.